ಹೌದು, ಇಲ್ಲ, ಗೊತ್ತಿಲ್ಲ

ಅವನ ನಿಜವಾದ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಈಗ ಹೇಗೆ, ಅಕ್ಷರ ಕಾಣ್ತಿದೆಯಾ?" ಎಂದು ಕೇಳುವುದು. ಆದರೆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸರ್ವೇಯರ್ ಎಂದು. ಯಾವ ಸರ್ಕಾರವೂ ಅವನನ್ನು ಯಾವ ಸರ್ವೇಗೂ ನೇಮಿಸಿರಲಿಲ್ಲ. ತನ್ನನ್ನು ತಾನೇ ನೇಮಿಸಿಕೊಂಡಿದ್ದ.

ಸಂಗತಿ ಏನೆಂದರೆ, ಇಂಟರ್‌ನೆಟ್ಟಿನಲ್ಲಿ ಒಂದು ನಕ್ಷೆ ಇದೆ. ಅದನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದು ತಪ್ಪು ಎಂದು ಯಾರು ಬೇಕಾದರೂ ಜಗಳಕ್ಕೆ ಬರಬಹುದು. ಯಾರಿಗೂ ಸಂಬಳವಿಲ್ಲ. ಸಂಬಳವಿಲ್ಲದ ಕೆಲಸದಲ್ಲಿ ಮನುಷ್ಯ ಎಷ್ಟು ನಿಷ್ಠುರನಾಗುತ್ತಾನೆ ಎಂಬುದನ್ನು ಅಲ್ಲಿಯೇ ನೋಡಬೇಕು. ಆ ನಕ್ಷೆಯ ಜೊತೆಗೆ ಫೋನಿಗೆ ಹಾಕಿಕೊಳ್ಳುವ ಒಂದು ಆ್ಯಪ್ ಇತ್ತು. ಅದನ್ನು ಹಿಡಿದು ಬೀದಿಯಲ್ಲಿ ನಡೆದರೆ ಅದು ಪ್ರಶ್ನೆ ಕೇಳುತ್ತಿತ್ತು. ಈ ದೀಪದ ಕಂಬ ಉರಿಯುತ್ತಿದೆಯೇ? ಈ ಬೆಂಚಿಗೆ ಒರಗಲು ಹಲಗೆ ಇದೆಯೇ? ಈ ಮೆಟ್ಟಿಲಿಗೆ ಕಂಬಿ ಇದೆಯೇ? ಪ್ರತಿ ಪ್ರಶ್ನೆಯ ಕೆಳಗೂ ಮೂರು ಗುಂಡಿ: ಹೌದು, ಇಲ್ಲ, ಗೊತ್ತಿಲ್ಲ. ಮೊದಲೆರಡರಲ್ಲಿ ಯಾವುದನ್ನು ಒತ್ತಿದರೂ ಒಂದು ನಕ್ಷತ್ರ. 'ಗೊತ್ತಿಲ್ಲ' ಎಂದರೆ ಏನೂ ಇಲ್ಲ.

ಮನೆಯಲ್ಲಿ ಅಡುಗೆಗೆ ಉಪ್ಪು ಸಾಕೇ ಎಂದೂ ಅವನನ್ನು ಯಾರೂ ಕೇಳಿದ್ದಿಲ್ಲ. ಅಂಗಡಿಯ ಮಾಲೀಕ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಯಾಕೆ ಲೇಟು?" ಅಂಥವನನ್ನು ನಡುಬೀದಿಯಲ್ಲಿ ನಿಲ್ಲಿಸಿ, ಬಹುವಚನ ಕೊಟ್ಟು, 'ದಯವಿಟ್ಟು ತಿಳಿಸುವಿರಾ' ಎಂದು ಒಂದು ಯಂತ್ರ ಕೇಳಿದರೆ ಅವನು ಕರಗದೆ ಏನು ಮಾಡಿಯಾನು? ಕಂಬ ನೋಡುತ್ತಾ ನಡೆದು ಚರಂಡಿಗೆ ಕಾಲಿಟ್ಟ. ಬೆಂಚು ನೋಡುತ್ತಾ ನಿಂತು, ಅದರ ಮೇಲೆ ಕೂತಿದ್ದ ದಂಪತಿಗಳಿಂದ ಬೈಸಿಕೊಂಡ. ಸರ್ವೇಯರ್ ಎಂಬ ಬಿರುದು ಹೀಗೆ ಬಂತು.

ಊರಿನ ನಕ್ಷೆಗಾರರ ಪಟ್ಟಿಯಲ್ಲಿ ಅವನು ಎರಡನೆಯವನು. ಮೊದಲ ಸ್ಥಾನದಲ್ಲಿ ಇದ್ದದ್ದು 'ಗೂಬೆಕಣ್ಣು' ಎಂಬ ಹೆಸರಿನ ಯಾರೋ. ಗಂಡಸೋ ಹೆಂಗಸೋ, ಯಾವ ಬೀದಿಯೋ, ಯಾರಿಗೂ ತಿಳಿಯದು. ಸರ್ವೇಯರ್ ಒಂದು ಅಂಚೆಪೆಟ್ಟಿಗೆ ಸೇರಿಸಿದರೆ ಸಾಕು, ಗೂಬೆಕಣ್ಣು ಬಂದು, 'ಪೆಟ್ಟಿಗೆಯ ಬಾಯಿ ಯಾವ ದಿಕ್ಕಿಗಿದೆ? ಆಧಾರ ಒದಗಿಸಿ' ಎಂದು ಬರೆಯುವುದು. ಒಮ್ಮೆ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಸೇತುವೆಯೋ ಅಲ್ಲವೋ ಎಂದು ಇಬ್ಬರೂ ಹಗಲೂ ಇರುಳೂ ವಾದ ಮಾಡಿದರು. ಪರವೂರಿನ ನಕ್ಷೆಗಾರರೂ ಬಂದು ಪಕ್ಷ ಹಿಡಿದರು. ಸೇತುವೆಯೇ ಎಂದು ಕೊನೆಗೆ ತೀರ್ಮಾನವಾಗುವ ಹೊತ್ತಿಗೆ ಚಪ್ಪಡಿ ಮುರಿದು ಚರಂಡಿಗೆ ಬಿದ್ದಿತ್ತು.

ಒಂದು ಸಂಜೆ ಸರ್ವೇಯರನಿಗೂ ಗೂಬೆಕಣ್ಣಿಗೂ ನಕ್ಷತ್ರ ಸರಿಸಮ. ಅಂಗಡಿ ಮುಚ್ಚಿ ಬರುತ್ತಾ ಬೀದಿಯ ತುದಿಯ ಹಳೆಯ ಕೈಪಂಪಿನ ಹತ್ತಿರ ಬಂದಾಗ ಫೋನು ಗುಂಯ್ ಎಂದಿತು. 'ಈ ಕೈಪಂಪಿನ ನೀರು ಕುಡಿಯಲು ಯೋಗ್ಯವೇ? ದಯವಿಟ್ಟು ತಿಳಿಸುವಿರಾ.'

ಅವನಿಗೆ ಗೊತ್ತಿರಲಿಲ್ಲ. ಆ ಪಂಪಿನ ನೀರಿನಲ್ಲಿ ಜನ ಸ್ಕೂಟರು ತೊಳೆಯುತ್ತಿದ್ದರು, ಅದೂ ಹಳೆಯ ಸ್ಕೂಟರು. ಕುಡಿಯುವ ನೀರಿಗೆ ಬೀದಿಗೆ ಟ್ಯಾಂಕರು ಬರುತ್ತಿತ್ತು. 'ಗೊತ್ತಿಲ್ಲ' ಒತ್ತಿದರೆ ನಕ್ಷತ್ರವಿಲ್ಲ. 'ಇಲ್ಲ' ಒತ್ತಿದರೆ 'ಎಚ್ಚರಿಕೆಯ ಫಲಕದ ಫೋಟೊ ಹಾಕಿ' ಎನ್ನುತ್ತದೆ, ಫಲಕ ಎಲ್ಲಿಂದ ತರುವುದು? 'ಹೌದು' ಎಂದರೆ ಮಾತ್ರ ಮುಂದೆ ಪ್ರಶ್ನೆಯೇ ಇಲ್ಲ. ಹೌದು ಎನ್ನುವವನ ಹತ್ತಿರ ಲೋಕದಲ್ಲಿ ಯಾರೂ ಪುರಾವೆ ಕೇಳುವುದಿಲ್ಲ. ಅವನು ಹೌದು ಒತ್ತಿದ. ಊರಿಗೇ ಮೊದಲಿಗನಾದ.

"ಇವಳೇ, ಇಲ್ಲಿ ನೋಡು, ಊರಿಗೇ ಫಸ್ಟು!" ಎಂದು ಮನೆಗೆ ಬಂದವನೇ ಹೆಂಡತಿಗೆ ಫೋನು ಹಿಡಿದ.

"ಬಚ್ಚಲಿನ ಬಲ್ಬು ಹೋಗಿ ವಾರ ಆಯ್ತು. ಊರಿಗೆ ಫಸ್ಟ್ ಬಂದೋರು ಅದೊಂದು ಹಾಕ್ತೀರಾ?" ಎಂದಳು ಅವಳು.

ಬೆಳಗಾಗುವಷ್ಟರಲ್ಲಿ ಚರ್ಚೆ ಶುರುವಾಗಿತ್ತು. 'ಕೈಪಂಪಿನ ನೀರು ಕುಡಿಯಲು ಯೋಗ್ಯ ಎನ್ನಲು ಆಧಾರವೇನು?' ಇದು ಗೂಬೆಕಣ್ಣು. ಸರ್ವೇಯರನ ಪಿತ್ತ ನೆತ್ತಿಗೇರಿತು. 'ನಾನು ಸ್ಥಳೀಯ. ದಿನವೂ ಅದನ್ನೇ ಕುಡಿಯುತ್ತೇನೆ' ಎಂದು ಬರೆದ. ನಕ್ಷೆಗಾರರ ಲೋಕದಲ್ಲಿ 'ನಾನು ಸ್ಥಳೀಯ' ಎಂಬುದಕ್ಕಿಂತ ದೊಡ್ಡ ಮಾತಿಲ್ಲ. ಎಲ್ಲೆಲ್ಲಿಯದೋ ಅಪರಿಚಿತರು ಬಂದು ಹೆಬ್ಬೆರಳು ಎತ್ತಿ ಹೋದರು. ಗೂಬೆಕಣ್ಣು ಮಾತ್ರ ಬಿಡಲಿಲ್ಲ. 'ಸಂತೋಷ. ಕುಡಿಯುವ ಫೋಟೊ ಹಾಕಿ.'

ಪಂಪಿನ ಎದುರಿಗೇ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಕೆಂಡದ ಪೆಟ್ಟಿಗೆ, ಮೇಲೊಂದು ತಗಡು. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಪಕ್ಕದಲ್ಲಿ ಮರದ ಪೆಟ್ಟಿಗೆಯ ಮೇಲೆ ಅವಳ ಮುದಿ ತಾಯಿ ದಿನವಿಡೀ ಕೂತಿರುತ್ತಿದ್ದಳು. ಆ ಅಜ್ಜಿಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಯಾರೋ ಬೇಡವೆಂದು ಬಿಟ್ಟುಹೋದ ಫ್ರೇಮಿಗೆ ಗಾಜು ಹಾಕಿ ಸರ್ವೇಯರ್ ಅವಳಿಗೆ ಕೊಟ್ಟಿದ್ದ. ಅಂದಿನಿಂದ ಅಜ್ಜಿಯ ಲೆಕ್ಕದಲ್ಲಿ ಅವನು ದೇವರಿಗಿಂತ ಸ್ವಲ್ಪವೇ ಗಿಡ್ಡ.

"ತಂಗೀ, ಒಂದು ಫೋಟೊ ತೆಗಿ. ನಾನು ನೀರು ಕುಡಿಯೋದನ್ನ," ಎಂದ ಸರ್ವೇಯರ್.

"ಈ ನೀರಾ?" ಇಸ್ತ್ರಿಯವಳು ಫೋನು ಹಿಡಿದು ಗಾಬರಿಯಾದಳು. "ಅಣ್ಣಾ, ಇದನ್ನ ನಾನು ಬಟ್ಟೆಗೂ ಚಿಮುಕಿಸಲ್ಲ. ಬಿಳೀ ಶರ್ಟು ಕಂದು ಆಗತ್ತೆ."

"ಬಾಯಲ್ಲಿಟ್ಕೊಂಡು ಉಗೀತೀನಿ. ನೀನು ತೆಗಿ."

ಬೊಗಸೆ ಒಡ್ಡಿ ಬಾಯಿ ತುಂಬ ನೀರು ತುಂಬಿಕೊಂಡ. ಫೋಟೊ ಚೆನ್ನಾಗಿಯೇ ಬಂತು. ಉಗಿಯಬೇಕು ಎನ್ನುವಾಗ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ವಾಕಿಂಗ್ ಮುಗಿಸಿ ಬಂದರು. ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಅವರು ಈಗಲೂ ಜಾಗ ಬಿಟ್ಟು ಕದಲುವವರಲ್ಲ.

"ಏನ್ರೀ ಸರ್ವೇಯರ್ರೇ, ಬೆಳಗ್ಗೆ ಬೆಳಗ್ಗೆ ಪಂಪಿಗೆ ಬಾಯಿ ಹಾಕಿದೀರಾ?"

ಸರ್ವೇಯರ್ ಕೆನ್ನೆ ಊದಿಸಿಕೊಂಡು ತಲೆಯಾಡಿಸಿದ.

"ಅದೇನ್ರೀ ಮೂಕರ ಹಾಗೆ? ಬಾಯಿ ಬಿಟ್ಟು ಹೇಳ್ರೀ!"

ಹೆಡ್‌ಮಾಸ್ಟರ ಇಸ್ತ್ರಿ ಮಾಡಿದ ಪಂಚೆಯ ಮೇಲೆ ಉಗಿಯುವಂತಿರಲಿಲ್ಲ. ಸರ್ವೇಯರ್ ಕಣ್ಣು ಮುಚ್ಚಿ ನುಂಗಿದ. "ಸುಮ್ನೆ ಸಾರ್," ಎಂದ.

ಮಧ್ಯಾಹ್ನದ ಹೊತ್ತಿಗೆ ಅವನು ಕಕ್ಕಸಿನಲ್ಲಿದ್ದ. ಸಂಜೆಗೂ ಅಲ್ಲೇ ಇದ್ದ. ಅಲ್ಲಿ ಕೂತೇ ಗೂಬೆಕಣ್ಣಿಗೆ ಉತ್ತರ ಬರೆದ: 'ಫೋಟೊ ಹಾಕಿದ್ದೇನೆ. ರುಚಿ ಉತ್ತಮ.' ಬಾಗಿಲ ಹೊರಗೆ ಹೆಂಡತಿ ನಿಂತಿದ್ದಳು.

"ರೀ, ಪಂಪಿನ ನೀರು ಕುಡಿದ್ರಂತೆ?"

"ಯಾರು ಹೇಳಿದ್ದು?"

"ಹೆಡ್‌ಮಾಸ್ಟರು ಬೀದಿಗೆಲ್ಲ ಹೇಳಿದಾರೆ."

"ಅದರಿಂದ ಅಲ್ಲ. ಅಂಗಡೀಲಿ ಏನೋ ತಿಂದಿದ್ದೆ," ಎಂದ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಬೇಡವೇ ಬೇಡ ಎಂದ. ಊರಿಗೆ ಮೊದಲಿಗನಾದವನು ತನ್ನದೇ ಉತ್ತರ ಕುಡಿದು ಮಲಗಿದ ಎಂದು ಚೀಟಿ ಬರೆಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಮುಂದಿನ ವಾರ ಟ್ಯಾಂಕರು ಬರಲಿಲ್ಲ. ಬೀದಿಯುದ್ದಕ್ಕೂ ಸಾಲಾಗಿಟ್ಟ ಕೊಡಗಳು ಸಾಲಾಗಿಯೇ ಉಳಿದವು. ಅದರ ಮುಂದಿನ ಸರದಿಗೂ ಬರಲಿಲ್ಲ. ಹೆಡ್‌ಮಾಸ್ಟರು ಫೋನು ಮಾಡಿ ಮಾಡಿ ಗಂಟಲು ಹರಿದುಕೊಂಡ ಮೇಲೆ ನೀರಿನ ಆಫೀಸಿನ ಇಂಜಿನಿಯರು ಬೈಕಿನಲ್ಲಿ ಬಂದಿಳಿದರು. ತಾಳ್ಮೆಯ ಮನುಷ್ಯ. ಅಷ್ಟು ತಾಳ್ಮೆ ಇರುವವರಿಂದ ಯಾವ ಕೆಲಸವೂ ಆಗುವುದಿಲ್ಲ.

"ಟ್ಯಾಂಕರು ಕಮ್ಮಿ, ಬೀದಿ ಜಾಸ್ತಿ," ಎಂದರು. "ಹತ್ತಿರದಲ್ಲಿ ಕುಡಿಯೋ ನೀರು ಇರೋ ಬೀದಿಗಳನ್ನ ಕೈಬಿಡಿ ಅಂತ ಆರ್ಡರ್ ಆಗಿದೆ. ನಿಮ್ಮ ಬೀದೀಲಿ ಇದೆಯಲ್ಲ."

"ಎಲ್ಲಿದೆ?" ಎಂದು ಬೀದಿ ಒಂದೇ ದನಿಯಲ್ಲಿ ಕೂಗಿತು.

ಇಂಜಿನಿಯರು ಫೋನು ತೆಗೆದು ನಕ್ಷೆ ತೋರಿಸಿದರು. ಪಂಪಿನ ಜಾಗದಲ್ಲಿ ಒಂದು ನೀಲಿ ಹನಿ ಹೊಳೆಯುತ್ತಿತ್ತು. ಅದನ್ನು ಮುಟ್ಟಿದರೆ, ಬೊಗಸೆ ಒಡ್ಡಿ ಕುಡಿಯುತ್ತಿರುವ ಸರ್ವೇಯರನ ಫೋಟೊ. ಕೆಳಗೆ 'ರುಚಿ ಉತ್ತಮ.'

ಎಲ್ಲರ ತಲೆಗಳೂ ಒಟ್ಟಿಗೆ ಸರ್ವೇಯರನ ಕಡೆ ತಿರುಗಿದವು. ಆಗಲೇ ಅವನು ನಿಜ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಇಂಜಿನಿಯರು, "ಓಹೋ, ನೀವೇನಾ? ನಿಮ್ಮಂಥೋರು ಬೀದಿಗೊಬ್ಬರು ಇದ್ದಿದ್ರೆ ಈ ಊರು ಎಲ್ಲೋ ಇರ್ತಿತ್ತು," ಎಂದು ಅವನ ಕೈ ಹಿಡಿದು ಕುಲುಕಿದರು. ಸರ್ಕಾರದ ಕೈ ಅವನ ಕೈಯನ್ನು ಮುಟ್ಟಿದ್ದು ಅದೇ ಮೊದಲು. ತೆರೆದ ಬಾಯಿ ಹಾಗೇ ನಗುವಾಗಿಹೋಯಿತು. ಬೈಕು ತಿರುವು ದಾಟಿದ ಮೇಲೆ ಆ ನಗುವಿಗೆ ಬೀದಿಯವರು ಏನೇನು ಹೆಸರಿಟ್ಟರೋ ಅವನ್ನು ಇಲ್ಲಿ ಬರೆಯುವಂತಿಲ್ಲ.

"ಅಣ್ಣಾ," ಎಂದಳು ಇಸ್ತ್ರಿಯವಳು. ಅವಳೊಬ್ಬಳೇ ಬೈಯಲಿಲ್ಲ. "ನಿಮಗೆಲ್ಲ ಕ್ಯಾನ್ ನೀರು ತರಿಸೋಕೆ ಆಗತ್ತೆ, ಗ್ಯಾಸಲ್ಲಿ ಕುದಿಸ್ಕೊಳ್ಳೋಕೆ ಆಗತ್ತೆ. ನಾನು ಇಸ್ತ್ರಿ ಕೆಂಡಕ್ಕೇ ಪರದಾಡ್ತೀನಿ. ಟ್ಯಾಂಕರು ಹೇಗಾದ್ರೂ ವಾಪಸ್ ಬರೋ ಹಾಗೆ ಮಾಡಿ. ಅಮ್ಮನಿಗೆ ಇನ್ನೊಂದು ಪಾತ್ರೆ ನೀರಷ್ಟೇ ಉಳಿದಿರೋದು."

ಸರ್ವೇಯರ್ ಅಲ್ಲೇ ನಿಂತು ನಕ್ಷೆ ತೆರೆದು 'ಹೌದು' ಇದ್ದದ್ದನ್ನು 'ಇಲ್ಲ' ಎಂದು ತಿದ್ದಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮತ್ತೆ 'ಹೌದು' ಆಯಿತು. ಗೂಬೆಕಣ್ಣು.

'ಸದರಿ ನೀರು ಯೋಗ್ಯವೆಂದು ಫೋಟೊ ಸಹಿತ ದಾಖಲೆ ಇದೆ. ಆಧಾರವಿಲ್ಲದೆ ತಿದ್ದಬೇಡಿ.'

'ಆ ಫೋಟೊದಲ್ಲಿರುವವನು ನಾನೇ! ಸುಳ್ಳು ಹೇಳಿದ್ದೆ!' ಎಂದು ಬರೆದ ಸರ್ವೇಯರ್.

'ಸುಳ್ಳು ಹೇಳಿದ್ದು ಆಗಲೋ ಈಗಲೋ ಎಂಬುದಕ್ಕೆ ಆಧಾರ ಒದಗಿಸಿ.'

ಅವನು ತಿದ್ದಿದ, ಅದು ಅಳಿಸಿತು. ಮತ್ತೆ ತಿದ್ದಿದ, ಮತ್ತೆ ಅಳಿಸಿತು. ಹಿಂದೆ ಹೆಬ್ಬೆರಳು ಎತ್ತಿದವರೆಲ್ಲ ಬಂದು, ಒಬ್ಬ ಸ್ಥಳೀಯ ಕಣ್ಣಾರೆ ಕಂಡು ಕೊಟ್ಟ ಮಾಹಿತಿಯನ್ನು ಹೀಗೆ ಹಾಳುಮಾಡುವುದು ಸರಿಯಲ್ಲ ಎಂದು ಸರ್ವೇಯರನ ಪರವಾಗಿ ಸರ್ವೇಯರನ ಮೇಲೆ ಹರಿಹಾಯ್ದರು. ಕೊನೆಗೆ ಹಿರಿಯ ನಕ್ಷೆಗಾರರು ಯಾರೋ ಬಂದು, ಜಗಳ ನಿಲ್ಲುವವರೆಗೆ ನಕ್ಷೆಯ ಮೇಲಿನ ಪಂಪನ್ನು ಯಾರೂ ತಿದ್ದದಂತೆ ಬೀಗ ಹಾಕಿದರು. ಬೀಗ ಬಿದ್ದ ಗಳಿಗೆಯಲ್ಲಿ ಅದರ ಮೇಲಿದ್ದದ್ದು 'ಹೌದು'.

ಮರುದಿನ ಹೆಡ್‌ಮಾಸ್ಟರ ಮುಂದಾಳತ್ವದಲ್ಲಿ ಬೀದಿ ನೀರಿನ ಆಫೀಸಿಗೆ ಹೋಯಿತು. ಸರ್ವೇಯರನನ್ನು ಕಳ್ಳನನ್ನು ಹಿಡಿದು ತಂದ ಹಾಗೆ ಮುಂದೆ ನಿಲ್ಲಿಸಿದರು.

"ಸಾರ್, ಆ ನೀರು ಕುಡಿದು ಅವತ್ತೇ ನನ್ನ ಹೊಟ್ಟೆ ಕೆಟ್ಟಿತ್ತು," ಎಂದ.

"ಡಾಕ್ಟರ್ ಚೀಟಿ ಇದೆಯಾ?" ಎಂದರು ಇಂಜಿನಿಯರು.

"ಇಲ್ಲ."

"ಇನ್ಯಾರಿಗಾದ್ರೂ ಕಾಯಿಲೆ ಆಗಿದೆಯಾ?"

"ಹೇಗಾಗತ್ತೆ ಸಾರ್? ಆ ನೀರನ್ನ ಯಾರೂ ಕುಡಿಯೋದಿಲ್ಲ!" ಎಂದರು ಹೆಡ್‌ಮಾಸ್ಟರು.

"ನೋಡಿ, ನೀರನ್ನ ಲ್ಯಾಬಿಗೆ ಕಳಿಸ್ಬೇಕಾದ್ರೆ ದೂರು ಬೇಕು. ದೂರು ಬೇಕಾದ್ರೆ ರೋಗಿ ಬೇಕು. ಹೊರಗಡೆ ಲ್ಯಾಬಿನ ರಿಪೋರ್ಟು ನಮ್ಮಲ್ಲಿ ನಡೆಯಲ್ಲ." ಇಂಜಿನಿಯರು ಕರುಣೆಯಿಂದಲೇ ಹೇಳಿದರು. "ನನಗೂ ಮನುಷ್ಯತ್ವ ಇದೆ ಸಾರ್. ಒಬ್ಬೇ ಒಬ್ಬ ರೋಗೀನ ತನ್ನಿ, ಮಾರನೇ ದಿನ ಟ್ಯಾಂಕರ್ ಕಳಿಸ್ತೀನಿ."

ಬೀದಿ ಹೊರಗೆ ಬಂತು. ಎಲ್ಲರೂ ಸರ್ವೇಯರನನ್ನು ನೋಡಿದರು, ಅಷ್ಟೆ.

"ಕುಡೀತೀನಿ," ಎಂದ ಅವನು. ಅವನಿಗೆ ಧೈರ್ಯವಿತ್ತು. ಒಂದು ಬೊಗಸೆ ಕುಡಿದು ಮಧ್ಯಾಹ್ನದೊಳಗೆ ಮಲಗಿದ್ದವನು, ಲೋಟಗಟ್ಟಲೆ ಕುಡಿದರೆ ಒಂದೇ ದಿನದ ಮಾತು.

ಹೀಗೆ ಆ ಬೀದಿಯಲ್ಲಿ ಹೊಸದೊಂದು ವ್ಯವಸ್ಥೆ ಶುರುವಾಯಿತು. ಬೆಳಗ್ಗೆ ಎಲ್ಲರ ಕಣ್ಣೆದುರು ಸರ್ವೇಯರ್ ಪಂಪು ಒತ್ತಿ ಕೊಡ ತುಂಬಿಸುವುದು, ಕೊಡ ಮನೆಯೊಳಗೆ ಹೋಗುವುದು. ಸಂಜೆ ಅವನು ಅಂಗಡಿಯಿಂದ ಬಂದು ಮೆಟ್ಟಿಲ ಮೇಲೆ ಕೂರುವುದು, ಹೆಂಡತಿ ಒಳಗಿನಿಂದ ದೊಡ್ಡ ಲೋಟದಲ್ಲಿ ಅದೇ ನೀರು ತಂದು ಕೊಡುವುದು, ಅವನು ಗಟಗಟನೆ ಕುಡಿಯುವುದು. ಬೀದಿಯ ಎರಡೂ ಬದಿಯ ಕಿಟಕಿಗಳಲ್ಲಿ ತಲೆಗಳು. ಯಾರ ಆರೋಗ್ಯವನ್ನೂ ಆ ಬೀದಿ ಅಷ್ಟು ಕಾಳಜಿಯಿಂದ ವಿಚಾರಿಸಿದ್ದಿಲ್ಲ.

"ಸರ್ವೇಯರ್ರೇ, ಹೊಟ್ಟೆ ಹೇಗಿದೆ?" ಎಂದು ಹೆಡ್‌ಮಾಸ್ಟರು ಬೆಳಗ್ಗೆ ಎದ್ದವರೇ ಆಸೆಯಿಂದ ಕೇಳುವರು.

"ಚೆನ್ನಾಗಿದೆ ಸಾರ್," ಎಂದು ಅವನು ತಲೆ ತಗ್ಗಿಸುವನು.

"ಸ್ವಲ್ಪನಾದ್ರೂ ಗುಡುಗುಡು?"

"ಇಲ್ಲ ಸಾರ್."

"ಛೆ."

ದಿನ ಕಳೆದಂತೆ ಅವನ ಸ್ಥಿತಿ ಇನ್ನೂ ಕೆಟ್ಟಿತು, ಅಂದರೆ ಇನ್ನೂ ಸುಧಾರಿಸಿತು. ಹಳೆಯ ಎದೆಯುರಿ ಮಾಯವಾಯಿತು. ಕೆನ್ನೆಗಳು ತುಂಬಿಕೊಂಡವು. ಅಂಗಡಿಯ ಮಾಲೀಕ, "ಏನಯ್ಯಾ, ಮದುವೆ ಗಂಡಿನ ಹಾಗಿದೀಯ" ಎಂದ. ಮೊದಲು ನೀರಿಗಿದ್ದ ತುಕ್ಕಿನ ವಾಸನೆಯೂ ಅವನಿಗೆ ಈಗ ಗೊತ್ತಾಗುತ್ತಿರಲಿಲ್ಲ, ನಾಲಿಗೆಗೆ ರೂಢಿಯಾಗಿರಬೇಕು ಎಂದುಕೊಂಡ. ಒಂದು ಸಂಜೆ ಇಸ್ತ್ರಿಯವಳು ಬಟ್ಟೆ ಕೊಡಲು ಬಂದಾಗ ಹೆಂಡತಿ ಲೋಟವನ್ನು ಹೊಸಿಲ ಮೇಲಿಟ್ಟು ಒಳಗೆ ಹೋಗಿದ್ದಳು. ಇಸ್ತ್ರಿಯವಳೇ ಅದನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಇವತ್ತಾದ್ರೂ ಏನಾದ್ರೂ ಆಗ್ಲಿ ಅಣ್ಣ," ಎಂದಳು. ಆಮೇಲೆ ತಾನು ಹೇಳಿದ್ದೇನು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಅದೇ ವಾರ ಮನೆಯಲ್ಲಿ ಗ್ಯಾಸು ಹೊತ್ತಿಗೆ ಮುಂಚೆ ಮುಗಿಯಿತು. "ಇಷ್ಟು ಬೇಗನಾ?" ಎಂದು ಅವನು ಕೇಳಿದ. "ಸಿಲಿಂಡರು ಸೋರತ್ತೇನೋ," ಎಂದಳು ಹೆಂಡತಿ, ಮುಖ ತಿರುಗಿಸಿ.

ಇನ್ನು ನಾಟಕವೇ ಗತಿ ಎಂದು ಬೀದಿ ತೀರ್ಮಾನಿಸಿತು. ಹೆಡ್‌ಮಾಸ್ಟರೇ ಹೇಗೆ ನರಳಬೇಕೆಂದು ಕಲಿಸಿದರು. ಸರ್ವೇಯರ್ ಹೊಟ್ಟೆ ಹಿಡಿದುಕೊಂಡು, ಇಬ್ಬರ ಹೆಗಲ ಮೇಲೆ ಜೋತು ಬಿದ್ದು ಸರ್ಕಾರಿ ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ರಕ್ತ ಪರೀಕ್ಷಿಸಿದರು.

"ಯಾರ್ರೀ ಇವರಿಗೆ ಕಾಯಿಲೆ ಅಂದೋರು? ಈ ವಯಸ್ಸಲ್ಲಿ ಇಂಥ ಹೊಟ್ಟೆ ನಾನು ನೋಡೇ ಇಲ್ಲ," ಎಂದರು. "ಏನು ಕುಡೀತೀರಿ ನೀವು?"

"ಪಂಪಿನ ನೀರು," ಎಂದ ಅವನು ನರಳುವುದನ್ನು ಮರೆತು.

"ಅದನ್ನೇ ಕುಡೀರಿ," ಎಂದು ಡಾಕ್ಟರಮ್ಮ ಹಾಗೆಂದೇ ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಆ ಚೀಟಿ ಹೇಗೋ ನೀರಿನ ಆಫೀಸಿಗೆ ತಲುಪಿತು. ಇಂಜಿನಿಯರು ಅದನ್ನು ಪಂಪಿನ ಫೈಲಿಗೆ ಅಂಟಿಸಿದರು. ಸುದ್ದಿ ಕೇಳಿ ಗೂಬೆಕಣ್ಣು ನಕ್ಷೆಯ ಮೇಲೆ ಬರೆಯಿತು: 'ವೈದ್ಯಕೀಯ ಆಧಾರ ದೊರೆತಿದೆ. ಚರ್ಚೆ ಮುಕ್ತಾಯ.'

ಆ ಸಂಜೆ ಅವನು ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಅಜ್ಜಿ ಕೂತಲ್ಲಿಂದಲೇ ಕರೆದಳು. ಮಗಳು ಬಟ್ಟೆ ಕೊಡಲು ಹೋಗಿದ್ದಳು. ಅಜ್ಜಿಯ ಕೈಯಲ್ಲಿ ಚೊಂಬು ಇತ್ತು, ಚೊಂಬಿನಲ್ಲಿ ಪಂಪಿನ ನೀರಿತ್ತು.

"ಅಜ್ಜೀ, ಬೇಡ! ಅದು ಕೆಟ್ಟ ನೀರು!"

"ಹೋಗೋ ಮಗಾ. ಕೆಟ್ಟ ನೀರು ಕುಡಿದು ಯಾರಾದ್ರೂ ಹೀಗೆ ಕೆನ್ನೆ ತುಂಬ್ಕೋತಾರಾ? ನೀನು ಕೊಟ್ಟ ಕನ್ನಡಕದಲ್ಲೇ ದಿನಾ ನೋಡ್ತಿದೀನಿ." ಅಜ್ಜಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. "ಆ ಹುಡುಗಿ ಊಟ ಬಿಟ್ಟು ನಂಗೆ ಕ್ಯಾನ್ ನೀರು ತರ್ತಾಳೆ. ಹೇಳ್ಬೇಡ ಅವಳಿಗೆ, ಬೈತಾಳೆ. ನಾನು ಆಗ್ಲೇ ಮೂರ್ನಾಲ್ಕು ದಿನದಿಂದ ಕುಡೀತಿದೀನಿ."

ಅವನು ಚೊಂಬು ಕಿತ್ತು ನೀರು ಚೆಲ್ಲಿದ. ಅಜ್ಜಿ ಮತ್ತೆ ನಕ್ಕಳು. ಮಗಳಿಗೆ ಹೇಳಬೇಕು ಎಂದುಕೊಂಡು ಮನೆಗೆ ಹೋದ. ಹೋದವನಿಗೆ, ನಾನಂತೂ ಗಟ್ಟಿಯಾಗಿಯೇ ಇದ್ದೇನಲ್ಲ, ನೀರು ನಿಜವಾಗಿಯೂ ಒಳ್ಳೆಯದೇ ಇರಬಹುದೇನೋ, ನನ್ನ 'ಹೌದು' ಸರಿಯಾಗಿಯೇ ಇತ್ತೇನೋ ಎಂಬ ಒಂದು ಹಾಳು ಆಸೆ ಹುಟ್ಟಿತು. ಹೇಳಲಿಲ್ಲ.

ಎರಡು ದಿನ ಬಿಟ್ಟು ಇಸ್ತ್ರಿ ಅಂಗಡಿ ತೆರೆಯಲಿಲ್ಲ. ಅಜ್ಜಿಗೆ ವಾಂತಿ ಭೇದಿ ಎಂದರು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ಅವನು ಅಂಗಡಿಗೆ ರಜೆ ಹಾಕಿ ಓಡಿದ. ಅಲ್ಲಿ ಅದೇ ಡಾಕ್ಟರಮ್ಮ ಅವನನ್ನು ಗುರುತು ಹಿಡಿದರು, ಈ ಸಲ ಹೊಟ್ಟೆ ಮುಟ್ಟಲಿಲ್ಲ. "ತಡ ಆಯ್ತು," ಎಂದರು.

ಬೀದಿಗೆ ರೋಗಿ ಸಿಕ್ಕಿದ್ದು ಹೀಗೆ. ಇಂಜಿನಿಯರು ಮಾತಿಗೆ ತಪ್ಪಲಿಲ್ಲ, ಮಾರನೇ ದಿನವೇ ಟ್ಯಾಂಕರು ಬಂತು. ಲ್ಯಾಬಿನವರು ಬಂದರು, ಚರಂಡಿಯ ಕೊಳವೆ ಒಡೆದು ಪಂಪಿನ ಬುಡಕ್ಕೇ ಸೇರುತ್ತಿದೆ ಎಂದರು, ಪಂಪಿನ ಹಿಡಿ ಬಿಚ್ಚಿಕೊಂಡು ಹೋದರು. "ಹೀಗೆ ಸರಿಯಾದ ಪುರಾವೆ ತಂದ್ರೆ ನಾವು ಕೆಲಸ ಮಾಡದೆ ಇರ್ತೀವಾ?" ಎಂದರು ಇಂಜಿನಿಯರು. ಹೆಡ್‌ಮಾಸ್ಟರು ಏನೋ ಹೇಳಲು ಹೋಗಿ, ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಂತರು. ನಕ್ಷೆಯ ಮೇಲೆ ಪಂಪಿನ ಬೀಗ ತೆರೆದು ಯಾರೋ 'ಇಲ್ಲ' ಎಂದು ತಿದ್ದಿದರು. ಅದರಡಿ ಗೂಬೆಕಣ್ಣಿನ ಟಿಪ್ಪಣಿ ಇತ್ತು: 'ಸಂತಾಪಗಳು. ಮರಣ ಪ್ರಮಾಣಪತ್ರದ ಪ್ರತಿ ಇದ್ದರೆ ದಯವಿಟ್ಟು ಸೇರಿಸಿ.'

ಅಜ್ಜಿಯನ್ನು ಮಣ್ಣುಮಾಡಿ ಬಂದ ದಿನ ಸರ್ವೇಯರ್ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತ.

"ನಾನು ಅಷ್ಟು ಕುಡಿದೆನಲ್ಲ. ನಂಗ್ಯಾಕೆ ಏನೂ ಆಗ್ಲಿಲ್ಲ?"

ಹೆಂಡತಿ ಬೆನ್ನು ಮಾಡಿ ನಿಂತೇ ಹೇಳಿದಳು. "ಕುದಿಸಿ, ಸೋಸಿ ಕೊಡ್ತಿದ್ದೆ."

"ಯಾವತ್ತಿಂದ?"

"ಮೊದಲ ದಿನದಿಂದ." ಆಮೇಲೆ ಅವಳು ತಿರುಗಿದಳು. ಮುಖವೆಲ್ಲ ಒದ್ದೆಯಾಗಿತ್ತು. "ಅವತ್ತು ಕಕ್ಕಸಿನಲ್ಲಿ ನೀವು ಪಟ್ಟ ಪಾಡು ನಾನು ನೋಡಿಲ್ವಾ? ಬೀದಿಗೆ ಬೀದಿಯೇ ನನ್ನ ಗಂಡಂಗೆ ರೋಗ ಬರ್ಲಿ ಅಂತ ಕಿಟಕೀಲಿ ಕೂತು ಕಾಯ್ತಿದ್ರೆ, ನಾನೇ ಲೋಟ ತುಂಬಿ ಕೊಡ್ಲಾ? ಆ ಮುದುಕಿ ಕುಡೀತಾಳೆ ಅಂತ ನಂಗೇನ್ರೀ ಗೊತ್ತು?"

ಅವನಿಗೆ ಗೊತ್ತಿತ್ತು. ಅಜ್ಜಿ ಅವನಿಗೇ ಹೇಳಿದ್ದಳು. ಹೆಂಡತಿಯ ಮೇಲೆ ಸಿಟ್ಟು ಬರಲಿ ಎಂದು ಅವನು ಬಹಳ ಹೊತ್ತು ಕಾದ, ಬರಲಿಲ್ಲ. ಇಷ್ಟು ವರ್ಷ ಉಪ್ಪು ಸಾಕೇ ಎಂದು ಕೇಳದ ಹೆಂಗಸು ತನ್ನನ್ನು ಇಷ್ಟು ಪ್ರೀತಿಸುತ್ತಿದ್ದಳೆಂದು ತಿಳಿದು ಅವನಿಗೆ ಅಳು ಬಂತು. ತಿಳಿಯಬಾರದ ಹೊತ್ತಿನಲ್ಲಿ ತಿಳಿಯಿತಲ್ಲ ಎಂದು ಇನ್ನಷ್ಟು ಅಳು ಬಂತು.

ಸ್ವಲ್ಪ ದಿನದ ಮೇಲೆ ಇಸ್ತ್ರಿಯವಳು ಮೇಜು, ಪೆಟ್ಟಿಗೆ, ತಗಡು ಎಲ್ಲವನ್ನೂ ಕೈಗಾಡಿಗೆ ಹೇರಿಸಿದಳು. ಬೇರೆ ಕಡೆ ಹೋಗುತ್ತಿದ್ದಳು. ಗಾಡಿಯನ್ನು ಮುಂದೆ ಕಳಿಸಿ ಸರ್ವೇಯರನ ಮೆಟ್ಟಿಲ ಹತ್ತಿರ ಬಂದು ನಿಂತಳು. ಅವನು ಎದ್ದು ನಿಂತ.

"ಅಣ್ಣಾ, ಒಂದು ಮಾತು ಕೇಳ್ತೀನಿ," ಎಂದಳು. "ಅವತ್ತು ನಿಮ್ಮ ಲೋಟ ಎತ್ತಿಕೊಟ್ಟೆನಲ್ಲ, ಅದು ಉಗುರುಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಅಂದ್ಕೊಂಡೆ. ಆದ್ರೆ ಸಂಜೆ ಆಗಿತ್ತು ಅಣ್ಣ, ಬಿಸಿಲೆಲ್ಲಿತ್ತು? ಬಿಸಿ ನೋಡೋದೇ ನನ್ನ ಕೆಲಸ. ಆಗ್ಲೇ ಗೊತ್ತಾಗ್ಬೇಕಿತ್ತು." ಅವಳ ದನಿ ಗಟ್ಟಿಯಾಗಲಿಲ್ಲ. "ನೀವು ಗೊತ್ತಿದ್ದೂ ಗೊತ್ತಿದ್ದೂ ಕುದಿಸಿದ ನೀರು ಕುಡೀತಿದ್ರಾ?"

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಈ ಪ್ರಶ್ನೆಗೂ ಇದ್ದದ್ದು ಅವೇ ಮೂರು ಉತ್ತರ. ಇಲ್ಲ ಎಂದರೆ, ಮತ್ತೆ ಕುದಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಗೊತ್ತಿರಲಿಲ್ಲ ಎಂದರೆ ಅದು ನಿಜ, ಆ ನಿಜ ನೇರವಾಗಿ ಅಡುಗೆಮನೆಯೊಳಕ್ಕೆ ಹೋಗಿ ನಿಲ್ಲುತ್ತದೆ. ಒಂದೇ ಒಂದು ಉತ್ತರದ ಮುಂದೆ ಮಾತ್ರ ಬೇರೆ ಪ್ರಶ್ನೆ ಇರಲಿಲ್ಲ.

"ಹೌದು," ಎಂದ ಸರ್ವೇಯರ್.

ಇಸ್ತ್ರಿಯವಳು ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡ, ಬೈಯಲಿ ಎಂದೂ ಆಸೆಪಟ್ಟ. ಅವಳು ಗಂಟಿನಿಂದ ಕನ್ನಡಕವನ್ನು ತೆಗೆದು, ಗಾಜನ್ನು ತನ್ನ ಬಟ್ಟೆಗೆ ಒರೆಸಿ, ಮೆಟ್ಟಿಲ ಮೇಲಿಟ್ಟಳು.

"ಇದು ನಿಮ್ಮ ಅಂಗಡೀದು. ಬೇರೆ ಯಾರಿಗಾದ್ರೂ ಆಗತ್ತೆ," ಎಂದು ಗಾಡಿಯ ಹಿಂದೆ ಹೊರಟಳು.

ಆ ನಕ್ಷೆಯನ್ನು ತೆರೆದರೆ ಇವತ್ತಿಗೂ ಪಂಪಿನ ಎದುರಿಗೆ ಒಂದು ಇಸ್ತ್ರಿ ಅಂಗಡಿ ಕಾಣುತ್ತದೆ. ಆ ಖಾಲಿ ಜಾಗದ ಮುಂದೆ ಹಾದುಹೋದಾಗಲೆಲ್ಲ ಸರ್ವೇಯರನ ಫೋನು ಗುಂಯ್ ಎನ್ನುತ್ತದೆ. 'ಈ ಅಂಗಡಿ ಈಗಲೂ ಇಲ್ಲಿದೆಯೇ? ದಯವಿಟ್ಟು ತಿಳಿಸುವಿರಾ.' ಅದಕ್ಕೊಂದು ನಕ್ಷತ್ರವಿದೆ. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ.